ಅಲ್ಯೂಮಿನಿಯಂ, ಸ್ಟೇನ್‌ಲೆಸ್ ಸ್ಟೀಲ್ ಪಾಲಿಶ್: ಹೊಳಪು ಕಾಗದದಲ್ಲೇ ತೀರ್ಮಾನವಾಗುತ್ತದೆ

ಪಾಲಿಶ್ ಕಲಿಯಲು ಶುರು ಮಾಡಿದವರು ಮೊದಲು ಕೇಳುವುದು ಯಾವ ಬಫಿಂಗ್ ವೀಲ್ (ಹೊಳಪು ಕೊಡಲು ತಿರುಗುವ ಬಟ್ಟೆಯ ಚಕ್ರ) ಕೊಳ್ಳಬೇಕು, ಅದಕ್ಕೆ ಯಾವ ಬಣ್ಣದ ಸೋಪು, ಅಂದರೆ ಪಾಲಿಶ್ ಪುಡಿ ಬೆರೆಸಿದ ಮೇಣದ ಗಟ್ಟಿ, ಹಚ್ಚಬೇಕು ಅಂತ. ನನ್ನ ಅಭಿಪ್ರಾಯದಲ್ಲಿ ಈ ಪ್ರಶ್ನೆಗೆ ಕೊನೆಯ ಸ್ಥಾನ. ವೀಲ್‌ಗೆ ಹೋಗುವ ಮೊದಲು ಎಮರಿ ಪೇಪರಿನಲ್ಲಿ ಮಾಡುವ ಕೆಲಸವೇ ಮುಕ್ಕಾಲು ಪಾಲು. ಅಲ್ಲಿ ಬಿಟ್ಟ ಗೀರನ್ನು ವೀಲ್ ಅಳಿಸುವುದಿಲ್ಲ. ಅದರ ಅಂಚನ್ನು ನಯ ಮಾಡಿ, ಸುತ್ತಲಿನ ಜಾಗವನ್ನು ಹೊಳೆಸಿ, ಗೀರು ಇನ್ನೂ ಚೆನ್ನಾಗಿ ಕಾಣುವ ಹಾಗೆ ಮಾಡುತ್ತದೆ.

ಹೊಳಪು ಅಂದರೆ ಏನು ಅನ್ನುವುದು ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ. ನಯವಾದ ಲೋಹದ ಮೇಲೆ ಬಿದ್ದ ಬೆಳಕು ಒಂದೇ ದಿಕ್ಕಿಗೆ ಹಿಂದಿರುಗುತ್ತದೆ. ಗೀರುಗಳಿದ್ದರೆ ಎಲ್ಲ ಕಡೆ ಚೆದರುತ್ತದೆ, ಆಗ ಮೇಲ್ಮೈ ಮಸುಕಾಗಿ ಕಾಣುತ್ತದೆ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 400ರಿಂದ 700 ನ್ಯಾನೋಮೀಟರ್. ಗೀರಿನ ಆಳ ಇದಕ್ಕಿಂತ ತುಂಬಾ ಕಡಿಮೆಯಾದಾಗ ಕನ್ನಡಿಯಂಥ ಹೊಳಪು ಬರುತ್ತದೆ. ಈಗ ಕಾಗದದ ಲೆಕ್ಕ ನೋಡಿ. ಸಂಖ್ಯೆ ಹೆಚ್ಚಾದಷ್ಟೂ ಕಾಗದ ನಯ. ಪಿ80 ಕಾಗದದ ಕಣ ಸರಾಸರಿ 200 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಆಸುಪಾಸು. ಪಿ240ರಲ್ಲಿ 58, ಪಿ400ರಲ್ಲಿ 35, ಪಿ800ರಲ್ಲಿ 22, ಪಿ2000ದಲ್ಲಿ ಸುಮಾರು 10 ಮೈಕ್ರಾನ್. ಕಣದಷ್ಟೇ ಆಳದ ಗೀರು ಬೀಳುವುದಿಲ್ಲ ನಿಜ. ಆದರೂ 200 ಮೈಕ್ರಾನ್ ಕಣ ಮಾಡಿದ ಕಾಲುವೆಯನ್ನು ಬಟ್ಟೆಯ ವೀಲ್ ತುಂಬಲಾರದು, ಅಲ್ವಾ? ಒರಟಿನಿಂದ ನಯಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಲೇಬೇಕು.

ಇಲ್ಲಿ ಒಂದು ಎಚ್ಚರಿಕೆ. ಕಾಗದದ ಹಿಂಬದಿಯಲ್ಲಿ ಸಂಖ್ಯೆಯ ಮುಂದೆ 'ಪಿ' ಇದೆಯಾ ನೋಡಿಕೊಳ್ಳಿ. ಅದು ಯುರೋಪಿನ ಅಳತೆ. ಅಮೆರಿಕದ ಅಳತೆಯಲ್ಲಿ ಬರೀ ಸಂಖ್ಯೆ ಇರುತ್ತದೆ. ಒರಟು ಕಾಗದಗಳಲ್ಲಿ ಎರಡೂ ಹತ್ತಿರ ಹತ್ತಿರ ಇವೆ. ನಯವಾದ ಕಡೆಗೆ ಹೋದಂತೆ ದೂರವಾಗುತ್ತವೆ. ಅಮೆರಿಕದ 400 ಅಂದರೆ ಹತ್ತಿರಹತ್ತಿರ ಪಿ800. ಅಲ್ಲಿನ 600 ಅಂದರೆ ಪಿ1200ರಷ್ಟು ನಯ. ಎರಡನ್ನೂ ಬೆರೆಸಿ ಬಳಸಿದರೆ ಮುಂದೆ ಹೋಗುತ್ತಿದ್ದೇವೆ ಅಂದುಕೊಂಡು ಹಿಂದಕ್ಕೆ ಹೋಗುವ ಸಾಧ್ಯತೆ ಇದೆ.

ಕಾಗದದ ಕೆಲಸ

ಎಲ್ಲಿಂದ ಶುರು ಮಾಡಬೇಕು? ಪಾಲಿಶ್ ಮಾಡುವ ಭಾಗದ ಮೇಲೆ ಇರುವ ಅತಿ ಆಳದ ಗುರುತನ್ನು ತೆಗೆಯಬಲ್ಲ ಅತಿ ನಯವಾದ ಕಾಗದದಿಂದ. ಲೇಥ್‌ನಲ್ಲಿ ಚೆನ್ನಾಗಿ ತಿರುಗಿಸಿದ ಭಾಗಕ್ಕೆ 320 ಅಥವಾ 400 ಸಾಕು (ಇಲ್ಲಿಂದ ಮುಂದಿನ ಸಂಖ್ಯೆಗಳೆಲ್ಲ ಪಿ ಅಳತೆಯವು). ಅರದ ಗುರುತು, ಎರಕದ ಒರಟು ಇದ್ದರೆ 120ಕ್ಕೆ ಇಳಿಯಬೇಕು. ಸುಮ್ನೆ 80ರಿಂದ ಶುರು ಮಾಡಿದರೆ ನಾವೇ ಹೊಸ ಆಳದ ಗೀರು ಹಾಕಿ, ಅದನ್ನು ತೆಗೆಯಲು ಮತ್ತೆ ದುಡಿಯಬೇಕಾಗುತ್ತದೆ.

ಆಮೇಲೆ 120, 240, 400, 600 ಅಥವಾ 800, 1200 ಹೀಗೆ ಹೋಗಬಹುದು. ಪ್ರತಿ ಹೆಜ್ಜೆಯೂ ಹಿಂದಿನ ಸಂಖ್ಯೆಯ ಎರಡರಷ್ಟರ ಒಳಗಿದ್ದರೆ ಒಳ್ಳೆಯದು. ಹೆಜ್ಜೆ ಬಿಟ್ಟು ಹಾರಿದರೆ ಸಮಯ ಉಳಿಯುವುದಿಲ್ಲ. 120ರ ಗೀರನ್ನು 600ರಲ್ಲಿ ತೆಗೆಯಲು ಹಿಡಿಯುವ ಹೊತ್ತಿನಲ್ಲಿ ನಡುವಿನ ಎರಡೂ ಕಾಗದಗಳ ಕೆಲಸ ಮುಗಿದಿರುತ್ತದೆ.

ಪ್ರತಿ ಕಾಗದಕ್ಕೂ ಉಜ್ಜುವ ದಿಕ್ಕು ಬದಲಿಸಿ. ಈ ನೋಟ್ಸ್‌ನಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. 240ನ್ನು ಉದ್ದಕ್ಕೆ ಉಜ್ಜಿದ್ದರೆ 400ನ್ನು ಅಡ್ಡಕ್ಕೆ ಉಜ್ಜಬೇಕು. ಆಗ ಹಳೆಯ ಗೀರು ಉಳಿದಿದ್ದರೆ ಹೊಸ ಗೀರುಗಳ ನಡುವೆ ಅಡ್ಡಲಾಗಿ ನಿಂತು ತಾನೇ ಕಾಣಿಸಿಕೊಳ್ಳುತ್ತದೆ. ಒಂದೇ ದಿಕ್ಕಿನಲ್ಲಿ ಉಜ್ಜುತ್ತಾ ಹೋದರೆ ಹೊಸದು ಯಾವುದು, ಹಳೆಯದು ಯಾವುದು ಅಂತ ಯಾರಿಗೂ ಹೇಳಲಾಗದು. ಹಳೆಯ ಗೀರು ಪೂರ್ತಿ ಹೋದ ಮೇಲೂ ಇನ್ನೊಂದಿಷ್ಟು ಹೊತ್ತು ಉಜ್ಜಿ. ಗೀರಿನ ತಳದ ಕೆಳಗೂ ಲೋಹ ಸ್ವಲ್ಪ ಜಖಂ ಆಗಿರುತ್ತದೆ. ಅದನ್ನು ಹಾಗೇ ಬಿಟ್ಟರೆ ಕೊನೆಯ ಹೊಳಪಿನಲ್ಲಿ ತೆಳ್ಳನೆಯ ನೆರಳಾಗಿ ಕಾಣುತ್ತದೆ.

ಇದಕ್ಕೆ ಸಹಾಯವಾಗುವ ಉಪಾಯ ಮಾರ್ಕರ್ ಪೆನ್. ಹೊಸ ಕಾಗದ ಹಿಡಿಯುವ ಮೊದಲು ಮೇಲ್ಮೈಗೆಲ್ಲ ಮಸಿ ಬಳಿಯಿರಿ. ಮಸಿ ಗೀರಿನೊಳಗೆ ಇಳಿಯುತ್ತದೆ. ಎಲ್ಲಾ ಮಸಿ ಹೋಗುವವರೆಗೆ ಉಜ್ಜಿದರೆ ತಗ್ಗಿನ ಜಾಗ ತಪ್ಪಿಸಿಕೊಳ್ಳುವುದಿಲ್ಲ. ನೋಡುವಾಗ ದೀಪವನ್ನು ನೆತ್ತಿಯ ಮೇಲೆ ಇಟ್ಟುಕೊಳ್ಳಬೇಡಿ. ಪಕ್ಕದಿಂದ, ತೀರಾ ಓರೆಯಾಗಿ ಬೆಳಕು ಬೀಳಲಿ.

ಸಮತಟ್ಟಾದ ಭಾಗಕ್ಕೆ ಬೆರಳಿನಿಂದ ಕಾಗದ ಒತ್ತಬೇಡಿ. ಮರದ ಅಥವಾ ಗಟ್ಟಿ ರಬ್ಬರಿನ ತುಂಡಿಗೆ ಸುತ್ತಿ ಉಜ್ಜಿ. ಬೆರಳು ಒತ್ತಿದಲ್ಲಿ ತಗ್ಗಾಗುತ್ತದೆ, ಅಂಚು ದುಂಡಗಾಗುತ್ತದೆ. ಪ್ರತಿಬಿಂಬದಲ್ಲಿ ಅದು ಅಲೆಯ ಹಾಗೆ ಕಾಣುತ್ತದೆ, ಎಷ್ಟು ಹೊಳೆದರೂ ಕಣ್ಣಿಗೆ ಚುಚ್ಚುತ್ತದೆ. ಕಾಗದ ಬದಲಿಸುವಾಗಲೆಲ್ಲ ಭಾಗ, ಕೈ, ಮರದ ತುಂಡು ಎಲ್ಲವನ್ನೂ ತೊಳೆಯಿರಿ. ನೀರನ್ನೂ ಬದಲಿಸಿ. 120ರ ಒಂದೇ ಒಂದು ಕಣ 1200ರ ಕಾಗದದಡಿ ಸಿಕ್ಕಿದರೂ ಸಾಕು, ನಾಲ್ಕು ಹೆಜ್ಜೆ ಹಿಂದೆ ಹೋಗಬೇಕಾಗುತ್ತದೆ.

ಅಲ್ಯೂಮಿನಿಯಂ ಮೆತ್ತಗಿನ ಲೋಹ

ಅಲ್ಯೂಮಿನಿಯಂ ಬೇಗ ಸವೆಯುತ್ತದೆ, ಬೇಗ ಹೊಳೆಯುತ್ತದೆ, ಅಷ್ಟೇ ಬೇಗ ಗೀರು ಬೀಳುತ್ತದೆ. ಅದರ ತೊಂದರೆ ಅಂಟಿಕೊಳ್ಳುವ ಗುಣ. ಒಣಗಿದ ಕಾಗದದಲ್ಲಿ ಉಜ್ಜಿದರೆ ಪುಡಿ ಕಣಗಳ ಸಂದಿಯಲ್ಲಿ ತುಂಬಿ ಗಂಟಾಗುತ್ತದೆ. ಆ ಗಂಟು ಮೇಲ್ಮೈಯನ್ನು ಉಳುತ್ತಾ ಹೋಗುತ್ತದೆ. 1200ರ ಕಾಗದದಲ್ಲಿ ಉಜ್ಜುತ್ತಿದ್ದರೂ ಆಳದ ಗೀರು ಬಂತು ಅಂದರೆ ಕಾರಣ ಬಹುತೇಕ ಇದೇ. ಅದಕ್ಕೇ ನೀರಿನಲ್ಲಿ ಅದ್ದಿ ಉಜ್ಜುವ ವಾಟರ್ ಪೇಪರ್ ಬಳಸಿ. ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿಕೊಳ್ಳಿ. ಕಾಗದವನ್ನು ಆಗಾಗ ಅದ್ದಿ ಜಾಡಿಸಿ.

ಕೆಲಸ ಶುರು ಮಾಡುವ ಮೊದಲು ಭಾಗಕ್ಕೆ ಆನೋಡೈಸ್ ಆಗಿದೆಯಾ, ಅಂದರೆ ವಿದ್ಯುತ್ತಿನಿಂದ ಅದರ ಮೇಲೆ ದಪ್ಪ ಆಕ್ಸೈಡ್ ಪದರ ಬೆಳೆಸಿದ್ದಾರಾ ನೋಡಬೇಕು. ಅಲ್ಯೂಮಿನಿಯಂ ಮೇಲೆ ಗಾಳಿಯಲ್ಲಿ ತಾನಾಗಿ ಬೆಳೆಯುವ ಆಕ್ಸೈಡ್ ಪದರ ಕೆಲವೇ ನ್ಯಾನೋಮೀಟರ್ ದಪ್ಪ. ಅದು ಅಡ್ಡಿಯಲ್ಲ. ಆನೋಡೈಸ್ ಪದರ ಸಾಮಾನ್ಯವಾಗಿ 5ರಿಂದ 25 ಮೈಕ್ರಾನ್ ಇರುತ್ತದೆ, ಲೋಹಕ್ಕಿಂತ ತುಂಬಾ ಗಟ್ಟಿ. ವೀಲ್ ಅದರ ಮೇಲೆ ಎಷ್ಟು ಓಡಿದರೂ ಕನ್ನಡಿ ಬರುವುದಿಲ್ಲ. ಕಂಡುಹಿಡಿಯಲು ಮಲ್ಟಿಮೀಟರ್ ಸಾಕು. ಎರಡೂ ತಂತಿಯ ತುದಿಗಳನ್ನು ಹಗುರವಾಗಿ, ಪದರ ಕೆರೆಯದ ಹಾಗೆ ಮುಟ್ಟಿಸಿ. ಬರಿಯ ಲೋಹದಲ್ಲಿ ವಿದ್ಯುತ್ ಹರಿಯುತ್ತದೆ. ಆನೋಡೈಸ್ ಆಗಿದ್ದರೆ ಹರಿಯುವುದಿಲ್ಲ. ಈ ಪದರವನ್ನು ಕಾಸ್ಟಿಕ್ ಸೋಡಾದಲ್ಲಿ ಕರಗಿಸುವವರು ಇದ್ದಾರೆ. ಆದರೆ ಅದು ಚರ್ಮ, ಕಣ್ಣು ಸುಡುತ್ತದೆ. ಅಲ್ಯೂಮಿನಿಯಂ ಜೊತೆ ಸೇರಿ ಬಿಸಿಯಾಗಿ, ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಬಿಡುತ್ತದೆ. ಕಲಿಯುತ್ತಿರುವವರು ಕಾಗದದಲ್ಲೇ ತೆಗೆಯಿರಿ ಎಂದೇ ನಾನು ಹೇಳುತ್ತೇನೆ.

ಎರಕದ ಅಲ್ಯೂಮಿನಿಯಂನಲ್ಲಿ ಒಳಗೆ ಗಾಳಿಗುಳ್ಳೆಗಳಿರುತ್ತವೆ. ಉಜ್ಜಿದಷ್ಟೂ ಹೊಸ ಗುಳಿಗಳು ಬಾಯಿ ತೆರೆಯುತ್ತವೆ. ಒಂದು ಹಂತಕ್ಕೆ ನಿಲ್ಲಿಸುವುದೇ ಜಾಣತನ. ಅದರಲ್ಲಿ ಸಿಲಿಕಾನ್ ಜಾಸ್ತಿ ಇರುವುದರಿಂದ ಹೊಳಪಿನಲ್ಲಿ ಸ್ವಲ್ಪ ಬೂದುಬಣ್ಣ ಉಳಿಯುತ್ತದೆ. ತಪ್ಪು ನಿಮ್ಮ ಕೈಯದ್ದಲ್ಲ.

ಸ್ಟೇನ್‌ಲೆಸ್‌ಗೆ ಶಾಖವೇ ಶತ್ರು

ಸ್ಟೇನ್‌ಲೆಸ್ ಸ್ಟೀಲ್ ಗಟ್ಟಿ. ಉಜ್ಜಿದಷ್ಟೂ ಮೇಲ್ಮೈ ಇನ್ನಷ್ಟು ಗಟ್ಟಿಯಾಗುತ್ತದೆ. ಸವೆದ ಕಾಗದದಲ್ಲಿ ಒತ್ತಿ ಒತ್ತಿ ತಿಕ್ಕಿದರೆ ಲೋಹ ಸವೆಯುವುದಿಲ್ಲ, ಬಿಸಿಯಾಗುತ್ತದೆ ಅಷ್ಟೇ. ಆ ಬಿಸಿ ಬೇಗ ಹರಡುವುದೂ ಇಲ್ಲ. 6061 ದರ್ಜೆಯ ಅಲ್ಯೂಮಿನಿಯಂನ ಶಾಖವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 167 ವ್ಯಾಟ್. 304 ದರ್ಜೆಯ ಸ್ಟೇನ್‌ಲೆಸ್‌ನದ್ದು ಸುಮಾರು 16. ಹತ್ತು ಪಟ್ಟು ಕಡಿಮೆ. ವೀಲ್ ಮುಟ್ಟಿದ ಜಾಗದಲ್ಲೇ ಶಾಖ ನಿಂತು ಲೋಹ ಹುಲ್ಲಿನ ಹಳದಿ, ಕಂದು, ನೇರಳೆ, ನೀಲಿ ಬಣ್ಣಕ್ಕೆ ತಿರುಗುತ್ತದೆ. ತೆಳು ತಗಡಾದರೆ ಸೊಟ್ಟಗಾಗುತ್ತದೆ.

ನೀಲಿ ಕಲೆ ಬರೀ ಅಂದದ ಪ್ರಶ್ನೆಯಲ್ಲ. ಸ್ಟೇನ್‌ಲೆಸ್ ತುಕ್ಕು ಹಿಡಿಯದಿರುವುದು ಕನಿಷ್ಠ 10.5 ಶೇಕಡಾ ಇರುವ ಕ್ರೋಮಿಯಂನಿಂದ. 304ರಲ್ಲಿ ಅದು ಸುಮಾರು 18 ಶೇಕಡಾ, ನಿಕಲ್ 8 ಶೇಕಡಾ. ಕಾದ ಜಾಗದಲ್ಲಿ ಕ್ರೋಮಿಯಂ ಮೇಲಿನ ಆಕ್ಸೈಡಿಗೆ ಸೇರಿ, ಅದರ ಕೆಳಗಿನ ತೆಳು ಪದರದಲ್ಲಿ ಕಡಿಮೆಯಾಗುತ್ತದೆ. ಅಲ್ಲಿ ತುಕ್ಕು ಹಿಡಿಯಬಹುದು. ಹಾಗಾಗಿ ಬಣ್ಣವನ್ನೂ ಅದರ ಕೆಳಗಿನ ಒಂದಿಷ್ಟು ಲೋಹವನ್ನೂ ಉಜ್ಜಿ ತೆಗೆಯಬೇಕು. ಬಣ್ಣ ಬರದ ಹಾಗೆ ನೋಡಿಕೊಳ್ಳುವುದು ಇನ್ನೂ ಉತ್ತಮ. ಹೊಸ ಕಾಗದ, ಹಗುರ ಒತ್ತು, ಒಂದೇ ಜಾಗದಲ್ಲಿ ನಿಲ್ಲದ ಕೈ. ಭಾಗ ಹಿಡಿಯಲಾಗದಷ್ಟು ಬಿಸಿಯಾದರೆ ಬದಿಗಿಟ್ಟು ಆರಲು ಬಿಡಿ.

ಸಾಮಾನ್ಯ ಸ್ಟೀಲ್ ಉಣ್ಣೆ, ಕಬ್ಬಿಣದ ತಂತಿ ಬ್ರಷ್ ಇದರ ಮೇಲೆ ಬೇಡವೇ ಬೇಡ. ಕಬ್ಬಿಣದ ಕಣ ಮೇಲ್ಮೈಯಲ್ಲಿ ಹುದುಗಿಕೊಂಡು ಆಮೇಲೆ ತುಕ್ಕಿನ ಚುಕ್ಕಿಗಳಾಗುತ್ತವೆ. ಕಬ್ಬಿಣಕ್ಕೆ ಬಳಸಿದ ಕಾಗದವೂ ಬೇಡ.

ಎಲ್ಲವನ್ನೂ ಕನ್ನಡಿ ಮಾಡಬೇಕಂತಲೂ ಇಲ್ಲ. ದಿನಾ ಕೈ ಮುಟ್ಟುವ ಹಿಡಿ, ಫಲಕಗಳಿಗೆ 240 ಅಥವಾ 320ರಲ್ಲಿ ಒಂದೇ ದಿಕ್ಕಿಗೆ ಎಳೆದ ನೇರ ಗೆರೆಗಳ ಮುಕ್ತಾಯ ನನಗೆ ಹೆಚ್ಚು ಇಷ್ಟ. ಬೆರಳಚ್ಚು ಕಾಣುವುದಿಲ್ಲ. ಮುಂದೆ ಗೀರು ಬಿದ್ದರೂ ಸರಿಪಡಿಸುವುದು ಸುಲಭ.

ವೀಲ್ ಮತ್ತು ಸೋಪು

ಈಗ ವೀಲ್‌ಗೆ ಬರೋಣ. ಕತ್ತಾಳೆ ನಾರಿನ ವೀಲ್ ಒರಟು, ಸ್ಟೇನ್‌ಲೆಸ್‌ನ ಮೊದಲ ಹಂತಕ್ಕೆ. ಸುತ್ತಲೂ ಹೊಲಿಗೆ ಹಾಕಿದ ಹತ್ತಿ ವೀಲ್ ನಡುವಿನ ಹಂತಕ್ಕೆ. ಹೊಲಿಗೆ ಇಲ್ಲದ ಸಡಿಲ ಹತ್ತಿ ವೀಲ್ ಕೊನೆಯ ಹೊಳಪಿಗೆ. ಸೋಪುಗಳಲ್ಲಿ ಕಂದು ಬಣ್ಣದ ಟ್ರಿಪೋಲಿ ಅಲ್ಯೂಮಿನಿಯಂಗೆ. ಕ್ರೋಮಿಯಂ ಆಕ್ಸೈಡ್ ಇರುವ ಹಸಿರು ಸೋಪು ಸ್ಟೇನ್‌ಲೆಸ್‌ಗೆ. ಅಲ್ಯೂಮಿನಾ ಇರುವ ಬಿಳಿ ಸೋಪು ಎರಡಕ್ಕೂ ಕೊನೆಯ ಹಂತದಲ್ಲಿ ನಡೆಯುತ್ತದೆ. ಕೆಂಪು ರೂಜ್ ಚಿನ್ನ, ಬೆಳ್ಳಿಯವರ ಸರಕು, ಇಲ್ಲಿ ಬೇಡ. ಬಣ್ಣದ ಅರ್ಥ ತಯಾರಕರಿಂದ ತಯಾರಕರಿಗೆ ಸ್ವಲ್ಪ ಬದಲಾಗುತ್ತದೆ, ಹೊದಿಕೆ ಓದಿಕೊಳ್ಳಿ. ಒಂದು ಸೋಪಿಗೆ ಒಂದು ವೀಲ್, ಒಂದು ಲೋಹಕ್ಕೆ ಒಂದು ವೀಲ್. ಇದರಲ್ಲಿ ರಾಜಿ ಇಲ್ಲ.

ಸೋಪನ್ನು ತಿರುಗುವ ವೀಲ್‌ಗೆ ಒಂದೆರಡು ಸೆಕೆಂಡು ಮುಟ್ಟಿಸಿದರೆ ಸಾಕು. ಜಾಸ್ತಿ ಹಚ್ಚಿದರೆ ಅದರೊಳಗಿನ ಮೇಣ, ಕೊಬ್ಬು ಭಾಗದ ಮೇಲೆ ಕಪ್ಪು ಪಟ್ಟೆಯಾಗಿ ಮೆತ್ತಿಕೊಳ್ಳುತ್ತದೆ.

ವೇಗದ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ. ವೀಲ್‌ನ ಸುತ್ತಳತೆಯನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 60ರಿಂದ ಭಾಗಿಸಬೇಕು. 150 ಮಿಲಿಮೀಟರ್ ವೀಲ್ ನಿಮಿಷಕ್ಕೆ 2850 ಸುತ್ತು ತಿರುಗಿದರೆ ಅಂಚಿನ ವೇಗ ಸೆಕೆಂಡಿಗೆ ಸುಮಾರು 22 ಮೀಟರ್. ಅಂದರೆ ಗಂಟೆಗೆ 80 ಕಿಲೋಮೀಟರ್. ಡ್ರಿಲ್ ಮಷಿನ್‌ಗೆ ಹಾಕಿದ 50 ಮಿಲಿಮೀಟರ್ ವೀಲ್ 2500 ಸುತ್ತಿನಲ್ಲಿ ಕೊಡುವುದು ಆರೂವರೆ ಮೀಟರ್ ಮಾತ್ರ. ಡ್ರಿಲ್‌ನಲ್ಲಿ ಸ್ಟೇನ್‌ಲೆಸ್ ಯಾಕೆ ಹೊಳೆಯುತ್ತಿಲ್ಲ ಅನ್ನುವವರಿಗೆ ಉತ್ತರ ಇದರಲ್ಲಿದೆ. ವೇಗ ಹೆಚ್ಚಿಸುವ ಮೊದಲು ವೀಲ್ ಮೇಲೆ ಬರೆದ ಗರಿಷ್ಠ ಸುತ್ತು ನೋಡಿ, ಅದನ್ನು ಮೀರಬೇಡಿ.

ವೀಲ್ ತಿರುಗುವ ದಿಕ್ಕಿಗೆ ಎದುರಾಗಿ, ಸ್ವಲ್ಪ ಒತ್ತಿ ಭಾಗವನ್ನು ಸರಿಸಿದರೆ ಅದು ಕೊರೆಯುತ್ತದೆ. ಅದೇ ದಿಕ್ಕಿಗೆ, ಹಗುರವಾಗಿ ಸರಿಸಿದರೆ ಹೊಳಪು ಕೊಡುತ್ತದೆ. ಮೊದಲು ಅದು, ಕೊನೆಗೆ ಇದು. ತೂತುಗಳ ಹತ್ತಿರ ನಿಲ್ಲಬೇಡಿ. ವೀಲ್ ತೂತಿನ ಒಂದು ಅಂಚನ್ನು ತಿಂದು ಬಾಲದಂತೆ ಉದ್ದ ಮಾಡುತ್ತದೆ. ಥ್ರೆಡ್, ಬೇರಿಂಗ್ ಕೂರುವ ಜಾಗ, ಗ್ಯಾಸ್ಕೆಟ್ ಮುಖ ಇವನ್ನು ಟೇಪ್ ಹಾಕಿ ಮುಚ್ಚಿ. ಪಾಲಿಶ್ ಅಂದರೆ ಲೋಹ ತೆಗೆಯುವುದು, ಅಳತೆ ಬದಲಾಗುತ್ತದೆ.

ಜೀವಕ್ಕೆ ಸಂಬಂಧಿಸಿದ ಮಾತು

ಬಟ್ಟೆಯ ವೀಲ್ ನೋಡಲು ಮೆತ್ತಗಿದ್ದರೂ ಭಾಗವನ್ನು ಕಿತ್ತು ಎಸೆಯುವ ಶಕ್ತಿ ಅದಕ್ಕಿದೆ. ವೀಲ್ ನಿಮ್ಮ ಕಡೆಯ ಮುಖದಲ್ಲಿ ಮೇಲಿನಿಂದ ಕೆಳಕ್ಕೆ ತಿರುಗುವಂತಿರಲಿ. ಭಾಗವನ್ನು ವೀಲ್‌ನ ನಡುಮಟ್ಟಕ್ಕಿಂತ ಕೆಳಗೆ ಮುಟ್ಟಿಸಿ. ವೀಲ್‌ನ ಅಂಚು ಭಾಗದ ಅಂಚಿನಿಂದ ಹೊರಕ್ಕೆ ಹೋಗುವಂತೆ ಹಿಡಿಯಿರಿ, ಎದುರಿಗೆ ಬರುವ ಮೊನಚಿಗೆ ಯಾವತ್ತೂ ಒಡ್ಡಬೇಡಿ. ಸಣ್ಣ ಭಾಗವನ್ನು ಮರದ ತುಂಡಿಗೆ ಸ್ಕ್ರೂ ಹಾಕಿ ಹಿಡಿಯಿರಿ. ಸಡಿಲ ಕೈಗವಸು, ಉದ್ದ ತೋಳು, ಉಂಗುರ, ಸರ, ಬಿಚ್ಚಿದ ಕೂದಲು ಯಾವುದೂ ಹತ್ತಿರ ಇರಬಾರದು. ಕನ್ನಡಕ, ದೂಳಿನ ಮಾಸ್ಕ್ ಕಡ್ಡಾಯ. ಟ್ರಿಪೋಲಿಯಲ್ಲಿ ಸಿಲಿಕಾ ಇದೆ, ಸ್ಟೇನ್‌ಲೆಸ್ ದೂಳಿನಲ್ಲಿ ನಿಕಲ್, ಕ್ರೋಮಿಯಂ ಇವೆ. ಯಾವುದೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಅಲ್ಯೂಮಿನಿಯಂನ ನುಣ್ಣನೆ ದೂಳು ಗಾಳಿಯಲ್ಲಿ ತುಂಬಿದರೆ ಕಿಡಿ ತಾಗಿ ಸ್ಫೋಟಿಸಬಲ್ಲದು. ಕಬ್ಬಿಣದ ತುಕ್ಕಿನ ಪುಡಿ, ಅಲ್ಯೂಮಿನಿಯಂ ಪುಡಿ ಎರಡೂ ಸೇರಿದರೆ ಅದೇ ಥರ್ಮೈಟ್, ರೈಲು ಹಳಿ ಬೆಸೆಯಲು ಬಳಸುವ ಮಿಶ್ರಣ. ಆದ್ದರಿಂದ ಸ್ಟೀಲ್ ಉಜ್ಜಿ ಕಿಡಿ ಹಾರಿಸುವ ಜಾಗದಲ್ಲಿ ಅಲ್ಯೂಮಿನಿಯಂ ದೂಳು ಬಿಡಬೇಡಿ. ಒಂದು ಲೋಹ ಮುಗಿದ ಮೇಲೆ ಗುಡಿಸಿ ಒರೆಸಿ, ಆಮೇಲೆ ಇನ್ನೊಂದನ್ನು ಹಿಡಿಯಿರಿ. ಒದ್ದೆ ಅಲ್ಯೂಮಿನಿಯಂ ಕೆಸರನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಡಿ, ಹೈಡ್ರೋಜನ್ ಸೇರಿಕೊಳ್ಳುತ್ತದೆ. ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು. ಒಣ ಮರಳು ಹತ್ತಿರ ಇರಲಿ. ಬೆಂಚ್ ಗ್ರೈಂಡರ್‌ನ ಸಾಮಾನ್ಯ ಸಾಣೆಕಲ್ಲಿಗೆ ಅಲ್ಯೂಮಿನಿಯಂ ಹಿಡಿಯಲೇಬೇಡಿ. ಲೋಹ ಕಲ್ಲಿನ ಸಂದಿಗಳಲ್ಲಿ ತುಂಬಿ, ಬಿಸಿಯಾಗಿ, ಕಲ್ಲು ಸಿಡಿಯಬಹುದು.

ಮುಗಿದ ಮೇಲೆ

ಉಳಿದ ಸೋಪನ್ನು ಬಿಸಿ ನೀರು, ಪಾತ್ರೆ ಸೋಪು, ಮೆತ್ತನೆ ಬಟ್ಟೆಯಿಂದ ತೊಳೆಯಿರಿ. ಡಿಶ್‌ವಾಷರ್ ಯಂತ್ರದ ಪುಡಿ ಕ್ಷಾರವಾಗಿರುವುದರಿಂದ ಅಲ್ಯೂಮಿನಿಯಂ ಕಪ್ಪಾಗುತ್ತದೆ, ಅದರಲ್ಲಿ ಹಾಕಬೇಡಿ. ಸ್ಟೇನ್‌ಲೆಸ್‌ಗೆ ಬ್ಲೀಚ್, ಉಪ್ಪಿನ ನೀರು ಬೇಡ. ಅವುಗಳಲ್ಲಿನ ಕ್ಲೋರೈಡ್, ಕ್ರೋಮಿಯಂ ಕಟ್ಟಿದ ಕಾಪು ಪದರವನ್ನು ಚುಚ್ಚುತ್ತದೆ. ಶುದ್ಧವಾಗಿ ತೊಳೆದು ಒಣಗಿಸಿಟ್ಟರೆ ಗಾಳಿಯಲ್ಲೇ ಆ ಪದರ ಮತ್ತೆ ಕಟ್ಟಿಕೊಳ್ಳುತ್ತದೆ. ಅಲ್ಯೂಮಿನಿಯಂ ಮಾತ್ರ ಹೊರಗಿಟ್ಟರೆ ನಿಧಾನವಾಗಿ ಮಂಕಾಗುತ್ತದೆ. ಅದಕ್ಕೆ ತೆಳುವಾಗಿ ಮೇಣ ಹಚ್ಚಿ, ಒಣಗಿದ ಮೇಲೆ ಒರೆಸಿ. ಮಂಕು ಕಂಡಾಗಲೆಲ್ಲ ಮತ್ತೆ 400ರಿಂದ ಶುರು ಮಾಡಬೇಕಿಲ್ಲ. ಕೈಯಲ್ಲಿ ಹಚ್ಚುವ ಮೆಟಲ್ ಪಾಲಿಶ್, ಸಡಿಲ ಹತ್ತಿ ಬಟ್ಟೆ ಇದ್ದರೆ ಸಾಕು.