ರಿಲೇ: ಫಾಗ್ ಲೈಟ್ ವೈರಿಂಗಿನ ಕಪ್ಪು ಡಬ್ಬಿ

ಕಾರಿನ ಫಾಗ್ ಲೈಟ್ (ಮಂಜಿನಲ್ಲಿ ದಾರಿ ಕಾಣಿಸುವ ದೀಪ) ಕಿಟ್ ಬಿಚ್ಚಿ ನೆಲದ ಮೇಲೆ ಹರಡಿಕೊಳ್ಳಿ. ಎರಡು ದೀಪ, ಕ್ಲಾಂಪು, ನಟ್ಟು ಬೋಲ್ಟು, ಒಂದು ಪುಟ್ಟ ಸ್ವಿಚ್, ಸಿಂಬೆ ಸುತ್ತಿದ ವೈರು. ಇದೆಲ್ಲ ನೋಡಿದ ಕೂಡಲೇ ಏನಂತ ಗೊತ್ತಾಗುತ್ತದೆ. ಆ ವೈರಿನ ನಡುವೆ ಒಂದು ಚಿಕ್ಕ ಕಪ್ಪು ಡಬ್ಬಿ ಇರುತ್ತದೆ. ಬುಡದಲ್ಲಿ ನಾಲ್ಕೋ ಐದೋ ಚಪ್ಪಟೆ ಪಿನ್ನು. ಪಿನ್ನಿನ ಪಕ್ಕ 30, 85, 86, 87 ಅಂತ ಅಂಕಿಗಳು. ಅದೇ ರಿಲೇ. ಮನೆಯಲ್ಲೇ ದೀಪ ಕೂರಿಸಲು ಹೊರಟವರು ತಡವರಿಸುವುದು ಇಲ್ಲೇ. ಸ್ವಿಚ್ ಹೇಗೂ ಇದೆಯಲ್ಲ, ಬ್ಯಾಟರಿಯಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ದೀಪಕ್ಕೆ ವೈರು ಎಳೆದರೆ ಆಯ್ತಲ್ವಾ ಅನ್ನಿಸುತ್ತದೆ.

ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ದೀಪ ಚೆನ್ನಾಗಿಯೇ ಹತ್ತಿತು. ಇಪ್ಪತ್ತು ನಿಮಿಷ ಗಾಡಿ ಓಡಿಸುವಷ್ಟರಲ್ಲಿ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಸ್ವಿಚ್ ಮುಟ್ಟಿದರೆ ಬೆರಳು ಇಡಲು ಆಗದಷ್ಟು ಬಿಸಿ. ಬಿಚ್ಚಿ ನೋಡಿದೆ. ಹಿಂದಿನ ಪಿನ್ನಿನ ಸುತ್ತ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಮೆತ್ತಗಾಗಿ, ಪಿನ್ನು ಒಂದು ಕಡೆ ವಾಲಿಕೊಂಡಿತ್ತು. ಇನ್ನೊಂದು ಗಂಟೆ ಬಿಟ್ಟಿದ್ದರೆ ಏನಾಗುತ್ತಿತ್ತೋ.

ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. 55 ವ್ಯಾಟಿನ ಎರಡು ಹ್ಯಾಲೊಜೆನ್ ಬಲ್ಬು ಅಂದರೆ 110 ವ್ಯಾಟ್. ಅದನ್ನು 12 ವೋಲ್ಟಿನಿಂದ ಭಾಗಿಸಿದರೆ 9 ಆಂಪಿಗಿಂತ ತುಸು ಜಾಸ್ತಿ. ಅಷ್ಟು ಕರೆಂಟು ಸಣ್ಣ ಸ್ವಿಚ್ಚಿನ ಒಳಗೆ, ತೆಳ್ಳನೆ ವೈರಿನಲ್ಲಿ ಹರಿದರೆ ಬಿಸಿಯಾಗದೆ ಇರುತ್ತದೆಯೇ?

ಈಗ ಪದಕ್ಕೆ ಬರೋಣ. ರಿಲೇ ಅಂದರೆ ಕೈಯಿಂದಲ್ಲ, ಕರೆಂಟಿನಿಂದ ಒತ್ತುವ ಸ್ವಿಚ್. ಡಬ್ಬಿಯೊಳಗೆ ಕಬ್ಬಿಣದ ತುಂಡಿನ ಸುತ್ತ ಸಣ್ಣ ತಾಮ್ರದ ತಂತಿ ಸುತ್ತಿರುತ್ತಾರೆ. ಅದು ಕಾಯಿಲ್. ಅದರಲ್ಲಿ ಕರೆಂಟು ಹರಿದಾಗ ಆ ಕಬ್ಬಿಣ ಅಯಸ್ಕಾಂತವಾಗುತ್ತದೆ. ಎದುರಿಗಿರುವ ಸಣ್ಣ ಪಟ್ಟಿಯನ್ನು ಎಳೆದುಕೊಳ್ಳುತ್ತದೆ. ಪಟ್ಟಿ ಹೋಗಿ ಇನ್ನೊಂದು ತುದಿಗೆ ತಾಗಿ 'ಟಕ್' ಅನ್ನುತ್ತದೆ. ಬ್ಯಾಟರಿಯಿಂದ ದೀಪಕ್ಕೆ ದಾರಿ ಕೂಡಿಕೊಳ್ಳುವುದು ಆಗ. ಕಾಯಿಲ್ಲಿನ ಕರೆಂಟು ನಿಂತರೆ ಸ್ಪ್ರಿಂಗು ಪಟ್ಟಿಯನ್ನು ವಾಪಸ್ ಎಳೆಯುತ್ತದೆ. ಕಾಯಿಲ್ ಕೇಳುವುದು ಸುಮಾರು 0.15ರಿಂದ 0.2 ಆಂಪು ಮಾತ್ರ. ಡ್ಯಾಶ್‌ಬೋರ್ಡಿನ ಸ್ವಿಚ್ಚಿನಲ್ಲಿ ಅಷ್ಟೇ ಹರಿಯುತ್ತದೆ. ದೊಡ್ಡ ಕರೆಂಟು ಬಾನೆಟ್ಟಿನ ಕೆಳಗೆ, ದಪ್ಪ ವೈರಿನಲ್ಲಿ, ಹತ್ತಿರದ ದಾರಿ ಹಿಡಿದು ಹೋಗುತ್ತದೆ. ಕಾರಿನ ಒಳಗೆ ಬರುವುದೇ ಇಲ್ಲ.

ಹೆಸರು ಬಂದ ದಾರಿಯೂ ಚೆನ್ನಾಗಿದೆ. ಹಳೆಯ ಫ್ರೆಂಚಿನ ಪದ ಇದು. ದೂರದ ಪ್ರಯಾಣದಲ್ಲಿ ದಣಿದ ಕುದುರೆ ಬಿಟ್ಟು, ದಾರಿಯಲ್ಲಿ ಕಟ್ಟಿಟ್ಟ ಹೊಸ ಕುದುರೆ ಹತ್ತುತ್ತಿದ್ದರಲ್ಲ, ಆ ಬದಲಾವಣೆಗೆ ಈ ಹೆಸರು. ರಿಲೇ ಓಟದ ಹೆಸರೂ ಇಲ್ಲಿಂದಲೇ. 19ನೇ ಶತಮಾನದಲ್ಲಿ ಟೆಲಿಗ್ರಾಫ್ ಬಂದಾಗ ಉದ್ದದ ತಂತಿಯಲ್ಲಿ ಸಂಕೇತ ಸೊರಗಿಹೋಗುತ್ತಿತ್ತು. ಸೊರಗಿದ ಕರೆಂಟಿನಿಂದ ಒಂದು ಅಯಸ್ಕಾಂತ ಅಲುಗಿಸಿ, ಅದರ ಮೂಲಕ ಬೇರೆ ಬ್ಯಾಟರಿಯ ಹೊಸ ಕರೆಂಟನ್ನು ಮುಂದಕ್ಕೆ ಕಳಿಸಿದರು. ಫಾಗ್ ಲೈಟಿನ ರಿಲೇ ಮಾಡುವುದೂ ಅದೇ ಕೆಲಸ.

ರಿಲೇ ಇಲ್ಲದಿದ್ದರೆ ಸ್ವಿಚ್ ಸುಡುವುದಷ್ಟೇ ಅಲ್ಲ, ಬೆಳಕೂ ಕಮ್ಮಿಯಾಗುತ್ತದೆ. ಉದ್ದದ ತೆಳು ವೈರಿನಲ್ಲಿ ವೋಲ್ಟೇಜು ಇಳಿಯುತ್ತದೆ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜು ಹತ್ತರಲ್ಲಿ ಒಂದು ಪಾಲು ಇಳಿದರೆ ಬೆಳಕು ಸುಮಾರು ಮೂರರಲ್ಲಿ ಒಂದು ಪಾಲು ಹೋಗುತ್ತದೆ. ದೀಪ ಮಂಕು ಅಂತ ಬಲ್ಬು ಬದಲಿಸುತ್ತಾ ಕೂರುವವರು ಮೊದಲು ವೈರಿಂಗ್ ನೋಡಬೇಕು ಅಂತ ನಾನು ಹೇಳುವುದು ಇದಕ್ಕೇ.

ಇನ್ನು ಆ ಅಂಕಿಗಳು. ವಿಚಿತ್ರವಾಗಿ ಕಂಡರೂ ಅವಕ್ಕೆ ಒಂದು ಜರ್ಮನ್ ಮಾನದಂಡ ಇದೆ, ಡಿಐಎನ್ 72552. ಒಮ್ಮೆ ಕಲಿತರೆ ಬೇರೆ ಬೇರೆ ಕಂಪನಿಗಳ ಎಷ್ಟೋ ರಿಲೇಗಳಲ್ಲಿ ಅದೇ ಅರ್ಥ. 30ಕ್ಕೆ ಬ್ಯಾಟರಿಯ ಪ್ಲಸ್ಸಿನಿಂದ ವೈರು ಬರುತ್ತದೆ. 87ರಿಂದ ದೀಪಗಳಿಗೆ ಹೋಗುತ್ತದೆ. 86ಕ್ಕೆ ಸ್ವಿಚ್ಚಿನ ವೈರು, 85ರಿಂದ ಕಾರಿನ ಲೋಹದ ಮೈಗೆ ಅರ್ತ್, ಅಂದರೆ ಕರೆಂಟು ಬ್ಯಾಟರಿಯ ಮೈನಸ್ಸಿಗೆ ಮರಳುವ ದಾರಿ. ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿನಲ್ಲಿ ಬಿಡುವ ಭಾಗ) ಇಲ್ಲದ ರಿಲೇ ಆದರೆ 85, 86 ಅದಲುಬದಲಾದರೂ ನಡೆಯುತ್ತದೆ. ಡಯೋಡ್ ಇದ್ದರೆ ನಡೆಯುವುದಿಲ್ಲ, ರಿಲೇ ಡಬ್ಬಿಯ ಮೇಲಿರುವ ಚಿತ್ರ ನೋಡಿಯೇ ಜೋಡಿಸಿ. ಐದನೇ ಪಿನ್ನು ಇದ್ದು ಅದರ ಮೇಲೆ 87ಎ ಅಂತ ಬರೆದಿದ್ದರೆ ಹುಷಾರು. ರಿಲೇ ಸುಮ್ನೆ ಇದ್ದಾಗ 30ಕ್ಕೆ ತಾಗಿಕೊಂಡಿರುವ ತುದಿ ಅದು. ದೀಪದ ವೈರು ಅಲ್ಲಿ ಸಿಕ್ಕಿಸಿದರೆ ಸ್ವಿಚ್ ಆಫ್ ಇದ್ದಾಗ ದೀಪ ಉರಿಯುತ್ತದೆ, ಆನ್ ಮಾಡಿದರೆ ಆರುತ್ತದೆ.

30ರ ವೈರಿಗೆ ಫ್ಯೂಸ್ ಬೇಕೇ ಬೇಕು. ಎರಡು 55 ವ್ಯಾಟ್ ಬಲ್ಬಿಗೆ 15 ಆಂಪಿನ ಫ್ಯೂಸು, ಅದನ್ನು ತಾಳಿಕೊಳ್ಳುವಷ್ಟು ದಪ್ಪ ವೈರು. ಫ್ಯೂಸ್ ಇರಬೇಕಾದದ್ದು ಬ್ಯಾಟರಿಗೆ ತೀರಾ ಹತ್ತಿರ, ಒಂದು ಗೇಣಿನಷ್ಟು ದೂರದಲ್ಲಿ. ಬ್ಯಾಟರಿಗೂ ಫ್ಯೂಸಿಗೂ ನಡುವಿನ ತುಂಡಿಗೆ ಯಾವ ಕಾವಲೂ ಇಲ್ಲ. ಅದು ತಗಡಿಗೆ ಉಜ್ಜಿ ಶಾರ್ಟ್ ಆದರೆ ಬೆಂಕಿ. ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಡಿ.

ಸ್ವಿಚ್ಚಿಗೆ ಕರೆಂಟು ಎಲ್ಲಿಂದ ತರುವುದು? ಕೀ ತಿರುಗಿಸಿದಾಗ ಮಾತ್ರ ಜೀವ ಬರುವ ಜಾಗದಿಂದ, ಫ್ಯೂಸ್ ಬಾಕ್ಸಿನಿಂದ ತಂದರೆ ಒಳ್ಳೆಯದು. ನೇರ ಬ್ಯಾಟರಿಯಿಂದ ತಂದರೆ ಒಂದು ದಿನ ಆರಿಸಲು ಮರೆಯುತ್ತೀರಿ. 45 ಆಂಪ್‌ಅವರ್ ಬ್ಯಾಟರಿ ಐದು ಗಂಟೆಯೊಳಗೆ ಖಾಲಿ. ಹೊಸ ಕಾರುಗಳಲ್ಲಿ ಹೆಡ್‌ಲೈಟಿನ ವೈರು ಕೊಯ್ದು ಜೋಡಿಸಬೇಡಿ. ಅದರ ಕಂಪ್ಯೂಟರು ಆ ವೈರಿನ ಮೇಲೆ ಕಣ್ಣಿಟ್ಟಿರುತ್ತದೆ, ದೋಷ ಅಂತ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹತ್ತಿಸಬಹುದು.

ಎಲ್‌ಇಡಿ ಫಾಗ್ ಲೈಟಾದರೆ? ಜೋಡಿಗೆ 20 ವ್ಯಾಟ್ ಅಂದರೆ 2 ಆಂಪೂ ಇಲ್ಲ. ಒಳ್ಳೆಯ ಸ್ವಿಚ್ ಅಷ್ಟನ್ನು ತಡೆದುಕೊಳ್ಳುತ್ತದೆ. ಆದರೂ ಕಿಟ್ಟಿನಲ್ಲಿ ರಿಲೇ ಕೊಟ್ಟಿದ್ದರೆ ತೆಗೆದು ಎಸೆಯಬೇಡಿ ಅನ್ನುವುದು ನನ್ನ ಅಭಿಪ್ರಾಯ. ಫ್ಯೂಸನ್ನು ಮಾತ್ರ ಎಲ್‌ಇಡಿಗೆ ತಕ್ಕಂತೆ ಚಿಕ್ಕದು ಹಾಕಿ.

ರಿಲೇಯನ್ನು ಪಿನ್ನು ಕೆಳಮುಖ ಮಾಡಿ ಕೂರಿಸಿ, ನೀರು ಒಳಗೆ ನಿಲ್ಲುವುದಿಲ್ಲ. ಅರ್ತ್ ಕೊಡುವಲ್ಲಿ ಬಣ್ಣ ಕೆರೆದು, ಲೋಹ ಹೊಳೆಯುವಂತೆ ಮಾಡಿ ಬೋಲ್ಟು ಬಿಗಿಯಿರಿ.

ಎಲ್ಲ ಮುಗಿದು ಸ್ವಿಚ್ ಒತ್ತಿದರೂ ದೀಪ ಹತ್ತಲಿಲ್ಲ ಅಂದರೆ ಬಾನೆಟ್ ಎತ್ತಿ ಕಿವಿ ಕೊಡಿ. 'ಟಕ್' ಕೇಳಿಸದಿದ್ದರೆ ಕಾಯಿಲ್ಲಿಗೆ ಕರೆಂಟು ಬರುತ್ತಿಲ್ಲ, ಸ್ವಿಚ್, 86, 85 ನೋಡಿ. 'ಟಕ್' ಕೇಳಿಸಿಯೂ ಕತ್ತಲೆಯೇ ಇದ್ದರೆ ತೊಂದರೆ ದಪ್ಪ ವೈರಿನ ಕಡೆ. ಫ್ಯೂಸು, 30, 87, ದೀಪದ ಅರ್ತ್, ಈ ಸಾಲಿನಲ್ಲಿ ಹುಡುಕಿ. ಬಹಳ ಸಲ ನನಗೆ ಸಿಕ್ಕಿದ್ದು ದೀಪದ ಅರ್ತಿನಲ್ಲಿ, ಸರಿಯಾಗಿ ಕೆರೆಯದೆ ಉಳಿದ ಬಣ್ಣದ ಕೆಳಗೆ.