ಓಡುವ ವಾಚೇ ಸವೆಯುವ ವಾಚು

"ಅಜ್ಜನ ವಾಚು ಸಾರ್, ಇವತ್ತಿನವರೆಗೆ ಒಂದು ಸಲವೂ ಬಿಚ್ಚಿಲ್ಲ, ಆದ್ರೂ ಓಡ್ತಿದೆ ನೋಡಿ." ಹಳೆಯ ಎಚ್‌ಎಂಟಿ ಜನತಾ ತಂದು ಮೇಜಿನ ಮೇಲಿಡುವವರು ಹೆಮ್ಮೆಯಿಂದ ಹೇಳುವ ಮಾತಿದು. ಕೇಳಿದಾಗೆಲ್ಲ ನನಗೆ ಸಂಕಟ. ಕೆಟ್ಟು ನಿಂತು ಬೀರುವಿನಲ್ಲಿ ಬಿದ್ದಿರುವ ವಾಚು ಸವೆಯುವುದಿಲ್ಲ. ಎಣ್ಣೆ ಒಣಗಿದ ಮೇಲೂ ದಿನಾ ಬೆಳಿಗ್ಗೆ ಕೀ ಕೊಡಿಸಿಕೊಂಡು ಓಡುವ ವಾಚು ತನ್ನನ್ನು ತಾನೇ ತಿನ್ನುತ್ತಿರುತ್ತದೆ.

ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ತಯಾರಿಕೆ ಶುರುವಾಯಿತು. ಜನತಾ, ಪೈಲಟ್ ಎಂಬ ಎರಡು ಮಾದರಿಗಳ ಹೊಟ್ಟೆಯಲ್ಲೂ ಸಾಮಾನ್ಯವಾಗಿ ಸಿಗುವುದು ಸಿಟಿಜನ್ ಮೂಲದ 0231 ಎಂಬ ಮಿಷನ್. 17 ಜ್ಯುವೆಲ್ (ಮೊನೆಗಳು ಕೂತು ತಿರುಗುವ ಗಟ್ಟಿ ಕಲ್ಲು), ಗಂಟೆಗೆ 18,000 ಬಡಿತ. ಸೆಕೆಂಡಿಗೆ ಐದು, ದಿನಕ್ಕೆ 4,32,000, ವರ್ಷಕ್ಕೆ ಹೆಚ್ಚುಕಡಿಮೆ ಹದಿನೈದೂಮುಕ್ಕಾಲು ಕೋಟಿ. ಹಿಂದೆ ಮುಂದೆ ತೂಗಿ ಈ ಬಡಿತ ಕೊಡುವ ಬ್ಯಾಲೆನ್ಸ್ ಚಕ್ರದ ತುದಿಮೊನೆ 0.1 ಮಿಲಿಮೀಟರ್ ಆಸುಪಾಸಿನದು. ಅದು ಒಣ ಕಲ್ಲಿನ ಮೇಲೆ ಇಷ್ಟು ಸಲ ತಿರುಗಿದರೆ ಉಳಿಯುವುದೇನು?

ನಿಜವಾದ ಹಾನಿ ಆಗುವುದು ಮಾತ್ರ ಬೇರೆ ಕಡೆ. ವಾಚನ್ನು ಓಡಿಸುವ ಮೈನ್ ಸ್ಪ್ರಿಂಗ್ ಸುತ್ತಿಕೊಂಡಿರುವ ಡಬ್ಬಿಗೆ ಬ್ಯಾರಲ್ ಅನ್ನುತ್ತೇವೆ. ಇಡೀ ಮಿಷನ್ನಿನಲ್ಲಿ ಅತಿ ಹೆಚ್ಚು ಒತ್ತಡ ಬೀಳುವುದು ಅದರ ಅಚ್ಚಿನ ಮೇಲೆ. ಆದರೆ 17 ಜ್ಯುವೆಲ್ ವಾಚಿನಲ್ಲಿ ಸಾಮಾನ್ಯವಾಗಿ ಅದಕ್ಕೆ ಜ್ಯುವೆಲ್ ಇರುವುದಿಲ್ಲ. ಉಕ್ಕಿನ ಅಚ್ಚು ನೇರವಾಗಿ ಹಿತ್ತಾಳೆಯ ತೂತಿನಲ್ಲಿ ತಿರುಗುತ್ತದೆ. ಎಣ್ಣೆ ಆರಿತೆಂದರೆ ಹಿತ್ತಾಳೆ ಪುಡಿಯಾಗುತ್ತದೆ, ಆ ಪುಡಿ ಉಳಿದ ಜಿಡ್ಡಿಗೆ ಸೇರಿ ಸಾಣೆ ಹಿಡಿಯುತ್ತದೆ. ಲೂಪ್ (ಭೂತಗನ್ನಡಿ) ಕಣ್ಣಿಗಿಟ್ಟು ನೋಡಿದರೆ ತೂತಿನ ಸುತ್ತ ಕಪ್ಪು ಉಂಗುರ. ಗುಂಡಗಿರಬೇಕಾದ ತೂತು ಒಂದು ಕಡೆಗೆ ಎಳೆದು ಉದ್ದವಾಗಿರುತ್ತದೆ. ಬ್ಯಾರಲ್ ವಾಲುತ್ತದೆ, ವಾಲಿ ತನ್ನನ್ನು ಹಿಡಿದಿರುವ ತಗಡಾದ ಬ್ರಿಜ್‌ನ ಒಳಮೈಯನ್ನು ಕೆರೆಯುತ್ತದೆ. ಆ ಗೆರೆ ಕಂಡರೆ ಎಷ್ಟೇ ತೊಳೆದು ಎಣ್ಣೆ ಬಿಟ್ಟರೂ ಪೂರ್ತಿ ಬಲ ಬಾರದು. ಸವೆದ ತೂತಿಗೆ ಬುಷ್ ಎಂಬ ಹೊಸ ಬಳೆ ಹಾಕಬೇಕು, ಇಲ್ಲವೇ ಇನ್ನೊಂದು ಮಿಷನ್ನಿನ ಪ್ಲೇಟ್ ಹುಡುಕಬೇಕು.

"ಜಾಸ್ತಿ ಕೀ ಕೊಟ್ಬಿಟ್ಟೆ, ಅದಕ್ಕೇ ನಿಂತೋಯ್ತು" ಎನ್ನುವವರಿಗೆ ಒಂದು ಮಾತು. ಕೀ ಕೊಡುವ ವಾಚಿನಲ್ಲಿ ಸ್ಪ್ರಿಂಗ್ ಪೂರ್ತಿ ಸುತ್ತಿಕೊಂಡಾಗ ಬೆರಳಿಗೆ ತಡೆ ಗೊತ್ತಾಗುತ್ತದೆ, ಅಲ್ಲಿಗೆ ನಿಲ್ಲಿಸಿದರೆ ಸಾಕು. ಪೂರ್ತಿ ಕೀ ಇದ್ದೂ ಓಡದಿದ್ದರೆ ತಪ್ಪು ಕೀಯದ್ದಲ್ಲ, ಒಳಗಿನ ಕೊಳೆಯದ್ದು.

ಇನ್ನು ಪೆಟ್ರೋಲ್ ವಾಶ್. ಡಯಲ್, ಮುಳ್ಳು ತೆಗೆದು ಮಿಷನ್ನನ್ನು ಇಡಿಯಾಗಿ ಪೆಟ್ರೋಲಿನಲ್ಲಿ ಅದ್ದಿ, ಊದಿ, ನಾಲ್ಕು ಕಡೆ ಎಣ್ಣೆ ಮುಟ್ಟಿಸಿ ಕೊಡುವ ಪದ್ಧತಿ. ವಾಚು ಆ ಕ್ಷಣಕ್ಕೆ ಜೋರಾಗಿಯೇ ಓಡುತ್ತದೆ, ಗಿರಾಕಿ ಖುಷಿ. ಕರಗಿದ ಕೊಳೆ ಎಲ್ಲಿಗೂ ಹೋಗಿರುವುದಿಲ್ಲ, ಜ್ಯುವೆಲ್‌ಗಳ ಬಟ್ಟಲಿನಲ್ಲೇ ಮತ್ತೆ ಕೂರುತ್ತದೆ. ಸುರುಳಿ ಬಿಚ್ಚದ ಮೈನ್ ಸ್ಪ್ರಿಂಗಿಗಂತೂ ಅದರಿಂದ ಏನೂ ಲಾಭವಿಲ್ಲ.

ಸರಿಯಾದ ಸರ್ವಿಸ್ ಎಂದರೆ ಪೂರ್ತಿ ಬಿಚ್ಚುವುದೇ. ಮೊದಲು ಸ್ಪ್ರಿಂಗ್ ಬಿಚ್ಚಿಕೊಳ್ಳದಂತೆ ತಡೆಯುವ ಕ್ಲಿಕ್ ಎಂಬ ಕೊಂಡಿ ಸರಿಸಿ, ಕೀಯನ್ನು ಬೆರಳಲ್ಲಿ ಹಿಡಿದುಕೊಂಡೇ ಸ್ಪ್ರಿಂಗಿನ ಬಲವನ್ನು ಮೆಲ್ಲಗೆ ಇಳಿಸಬೇಕು. ಅದು ಬಿಟ್ಟು ಚಕ್ರಗಳನ್ನು ತಡೆದು ತಡೆದು ಬಿಡುವ ಪ್ಯಾಲೆಟ್ ಎತ್ತಲು ಹೋದರೆ ಚಕ್ರಗಳೆಲ್ಲ ಒಮ್ಮೆಲೇ ಗಿರ್ರೆಂದು ತಿರುಗಿ ಹಲ್ಲು, ಮೊನೆ ಮುರಿಯುತ್ತವೆ. ಕೀ ಕೊಟ್ಟಾಗ ತಿರುಗುವ ಕ್ರೌನ್ ವೀಲ್‌ನ ಸ್ಕ್ರೂ ಹಲವು ಮಿಷನ್‌ಗಳಲ್ಲಿ ಉಲ್ಟಾ ಥ್ರೆಡ್ಡಿನದು. ಬಿಚ್ಚುತ್ತೇನೆಂದು ಬಿಗಿದು ತಲೆ ಕತ್ತರಿಸಿದ ಸ್ಕ್ರೂಗಳಿಗೆ ಲೆಕ್ಕವಿಲ್ಲ. ಜೋಡಿಸುವಾಗ ಎಲ್ಲಕ್ಕೂ ಒಂದೇ ಎಣ್ಣೆ ಸಲ್ಲದು: ಬ್ಯಾಲೆನ್ಸಿನಂಥ ವೇಗದ ಮೊನೆಗೆ ತೆಳ್ಳನೆಯದು, ಬ್ಯಾರಲ್ಲಿನ ಅಚ್ಚಿಗೆ ಗಟ್ಟಿಯದು, ಕೀ ಭಾಗಕ್ಕೆ ಗ್ರೀಸ್. ಪ್ಯಾಲೆಟ್ಟಿನ ಅಚ್ಚಿಗೆ ಸಾಮಾನ್ಯವಾಗಿ ಎಣ್ಣೆಯೇ ಬೇಡ. ಜಾಸ್ತಿ ಎಣ್ಣೆಯೂ ಕಮ್ಮಿಯಷ್ಟೇ ಕೆಟ್ಟದ್ದು, ಹರಿದು ಬ್ಯಾಲೆನ್ಸಿಗೆ ಜೋಡಿಸಿದ ಕೂದಲಿನಂಥ ಸುರುಳಿಯಾದ ಹೇರ್‌ಸ್ಪ್ರಿಂಗಿಗೆ ತಾಗಿದರೆ ಸುರುಳಿಗಳು ಅಂಟಿಕೊಂಡು ವಾಚು ಓಟ ಕೀಳುತ್ತದೆ. ಸ್ಪೀಕರಿನ ಪಕ್ಕ ಇಟ್ಟು ಅಯಸ್ಕಾಂತ ಹಿಡಿದ ವಾಚೂ ಹೀಗೆಯೇ ಮುಂದೆ ಓಡುತ್ತದೆ, ಅದಕ್ಕೆ ಡೀಮ್ಯಾಗ್ನೆಟೈಸರ್ ಸಾಕು, ಬಿಚ್ಚಬೇಕಿಲ್ಲ.

ಸಂಗ್ರಹಕ್ಕೆ ಕೊಳ್ಳುವವರು ಡಯಲ್ ನೋಡಿ ಮರುಳಾಗುವುದೇ ಹೆಚ್ಚು. ಎಚ್‌ಎಂಟಿ ವಾಚ್ ಘಟಕವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಅದಾದ ಮೇಲೂ ಹೊಳೆಹೊಳೆಯುವ 'ಹಳೆಯ' ಪೈಲಟ್‌ಗಳಿಗೆ ಪೇಟೆಯಲ್ಲಿ ಬರವಿಲ್ಲ. ಮಿಷನ್ ಒಂದೇ ಆದ್ದರಿಂದ ಸವೆದ ಜನತಾದ ಮೇಲೆ ಹೊಸ ಬಣ್ಣದ ಡಯಲ್ ಕೂರಿಸುವುದು ಐದು ನಿಮಿಷದ ಕೆಲಸ. ಅಕ್ಷರದ ಅಂಚು ಕಲಸಿದೆಯೇ, ನಿಮಿಷದ ಗೆರೆಗಳು ಅಂಕಿಗಳಿಗೆ ಸರಿಹೊಂದುತ್ತವೆಯೇ ನೋಡಿ. ನನ್ನನ್ನು ಕೇಳಿದರೆ, ಮಾಸಿದ ಡಯಲ್ ಇದ್ದರೂ ಪರವಾಗಿಲ್ಲ, ಹಿಂದಿನ ಮುಚ್ಚಳ ತೆಗೆದು ತೋರಿಸದವರ ಹತ್ತಿರ ಕೊಳ್ಳಬೇಡಿ. ಸ್ಕ್ರೂಗಳ ಸೀಳು ಕಿತ್ತುಹೋಗಿದ್ದರೆ ಎಂಥ ಕೈಗಳು ಅಲ್ಲಿ ಆಡಿವೆ ಎಂದು ತಿಳಿಯುತ್ತದೆ. 1960ಕ್ಕೂ ಹಿಂದಿನ ಸ್ವಿಸ್ ವಾಚುಗಳಲ್ಲಿ ಕತ್ತಲಲ್ಲಿ ಹೊಳೆಯಲು ರೇಡಿಯಂ ಬಳಿದಿರುವುದುಂಟು. ಹೊಳಪು ಹೋದರೂ ವಿಕಿರಣ ಹೋಗಿರುವುದಿಲ್ಲ. ಅಂಥದ್ದನ್ನು ಮನೆಯಲ್ಲಿ ಬಿಚ್ಚಿ ಕೆರೆಯುವ ಸಾಹಸ ಬೇಡ.

"ದಿನಕ್ಕೆ ಐದೇ ಸೆಕೆಂಡ್ ವ್ಯತ್ಯಾಸ" ಎಂಬ ಮಾರಾಟಗಾರನ ಮಾತನ್ನೂ ಪೂರ್ತಿ ನಂಬಬೇಡಿ. ವೇಗ ಹೊಂದಿಸುವ ರೆಗ್ಯುಲೇಟರ್ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿದರೆ ಎಂಥ ಸವೆದ ವಾಚೂ ಒಂದು ದಿನದ ಮಟ್ಟಿಗೆ ಸರಿ ಟೈಮ್ ತೋರಿಸುತ್ತದೆ. ಟೈಮ್‌ಗ್ರಾಫರ್ ಎಂಬ ಬಡಿತ ಅಳೆಯುವ ಯಂತ್ರದ ಮೇಲಿಟ್ಟು ಆಂಪ್ಲಿಟ್ಯೂಡ್, ಅಂದರೆ ಬ್ಯಾಲೆನ್ಸ್ ತೂಗುವ ಅಳತೆ, ಎಷ್ಟೆಂದು ಕೇಳಿ. ಪೂರ್ತಿ ಕೀ ಕೊಟ್ಟು ಮಲಗಿಸಿದಾಗ ಬ್ಯಾಲೆನ್ಸ್ 270 ಡಿಗ್ರಿ ಆಸುಪಾಸು ತೂಗಿದರೆ ಆರೋಗ್ಯ ಚೆನ್ನಾಗಿದೆ. ಹಳೆಯದಕ್ಕೆ 250 ಬಂದರೂ ನಾನು ಒಪ್ಪುತ್ತೇನೆ. 200ಕ್ಕಿಂತ ಕೆಳಗೆ ಬಂದರೆ ಸರ್ವಿಸ್ ಆಗುವವರೆಗೆ ಕೀ ಕೊಡುವುದನ್ನು ನಿಲ್ಲಿಸಿ.