ರೆಲಿಕ್ವರಿ: ಸಂತರ ಅವಶೇಷಕ್ಕೊಂದು ಎನಾಮಲ್ ಪೆಟ್ಟಿಗೆ

ಸಂತರ ಮೂಳೆ, ಹಲ್ಲು, ರಕ್ತ ತಾಗಿದ ಬಟ್ಟೆಯ ಚೂರು. ಇಂಥವನ್ನು ಇಡಲೆಂದೇ ಮಾಡಿದ ಪೆಟ್ಟಿಗೆಗೆ ರೆಲಿಕ್ವರಿ ಎನ್ನುತ್ತಾರೆ. ಒಳಗಿರುವುದು ಪವಿತ್ರ ಅವಶೇಷ. ಮಧ್ಯಯುಗದ ಯುರೋಪಿನಲ್ಲಿ ಇದು ಬರೀ ಭಕ್ತಿಯ ವಿಷಯವಾಗಿರಲಿಲ್ಲ. ಅವಶೇಷ ಇಡದೆ ಚರ್ಚನ್ನು ಪ್ರತಿಷ್ಠೆ ಮಾಡುವಂತಿಲ್ಲ ಎಂದು ನೈಸಿಯಾದ ಧರ್ಮಸಭೆ 787ರಲ್ಲೇ ಕಟ್ಟಪ್ಪಣೆ ಮಾಡಿತ್ತು.

ಆದರೆ ಚಿನ್ನದ ಪೆಟ್ಟಿಗೆ ಮಾಡಿಸುವಷ್ಟು ದುಡ್ಡು ಎಲ್ಲ ಚರ್ಚುಗಳಲ್ಲೂ ಇರಬೇಕಲ್ಲ? ಅಲ್ಲಿ ಕೈಹಿಡಿದವರು ಫ್ರಾನ್ಸಿನ ಲಿಮೋಜ್ ಪಟ್ಟಣದ ಕುಶಲಕರ್ಮಿಗಳು. 12 ಮತ್ತು 13ನೇ ಶತಮಾನದಲ್ಲಿ ಅವರ ಪೆಟ್ಟಿಗೆಗಳು ಯುರೋಪಿನ ತುಂಬ ಹೋದವು. ಒಳಗೆ ಮರ, ಹೊರಗೆ ತಾಮ್ರದ ತಗಡು. ಆಕಾರ ಸಾಮಾನ್ಯವಾಗಿ ಇಳಿಜಾರು ಮಾಡಿನ ಪುಟ್ಟ ಮನೆಯದು.

ಕೆಲಸ ಮಾತ್ರ ಸುಲಭದ್ದಲ್ಲ. ಮೊದಲು ತಗಡನ್ನು ಕೊರೆದು ಗುಳಿ ಮಾಡಬೇಕು. ಬಣ್ಣದ ಗಾಜನ್ನು ಪುಡಿ ಮಾಡಿ, ಒದ್ದೆ ಮಾಡಿ, ಆ ಗುಳಿಗೆ ತುಂಬಿ ಕುಲುಮೆಯಲ್ಲಿ ಸುಡಬೇಕು. ಗಾಜು ಕರಗಿ ತಾಮ್ರವನ್ನು ಕಚ್ಚಿಕೊಳ್ಳುತ್ತದೆ; ಎನಾಮಲ್ ಎಂದರೆ ಇದೇ. ಕರಗಿದಾಗ ಮಟ್ಟ ಕೆಳಗಿಳಿಯುತ್ತದೆ, ಹಾಗಾಗಿ ಮತ್ತೆ ತುಂಬಿ ಮತ್ತೆ ಸುಡಬೇಕು. ಆಮೇಲೆ ಉಜ್ಜಿ ನಯ ಮಾಡಿ, ಉಳಿದ ತಾಮ್ರಕ್ಕೆ ಪಾದರಸ ಬೆರೆಸಿದ ಚಿನ್ನದ ಲೇಪ ಕೊಡುತ್ತಿದ್ದರು. ಈ ವಿಧಾನಕ್ಕೆ ಶಾಂಪ್‌ಲವೆ ಎಂದು ಹೆಸರು. ಕೋಬಾಲ್ಟ್‌ನಿಂದ ಬರುವ ಕಡು ನೀಲಿಯನ್ನು ಕಂಡರೆ ಲಿಮೋಜ್ ಕೆಲಸ ಅಂತ ಮೊದಲ ಅನುಮಾನ ಬರುತ್ತದೆ.

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಇಂಥದ್ದೊಂದಿದೆ. ಸುಮಾರು 30 ಸೆಂಟಿಮೀಟರ್ ಎತ್ತರ, 1180ರ ದಶಕದ ಆಸುಪಾಸಿನದು. ಇಂಗ್ಲೆಂಡಿನ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ (ಹಿರಿಯ ಧರ್ಮಾಧಿಕಾರಿ) ಥಾಮಸ್ ಬೆಕೆಟ್ ಅವರನ್ನು ರಾಜನ ಕಡೆಯ ಯೋಧರು 1170ರ ಡಿಸೆಂಬರ್ 29ರಂದು ಚರ್ಚಿನೊಳಗೇ ಕೊಂದರು. ಮೂರೇ ವರ್ಷದೊಳಗೆ ಅವರಿಗೆ ಸಂತ ಪದವಿ ಸಿಕ್ಕಿತು. ಪೆಟ್ಟಿಗೆಯ ಮುಂಭಾಗದಲ್ಲಿ ಆ ಕೊಲೆಯೇ ಇದೆ: ಬಲಿಪೀಠದ ಮುಂದೆ ಬೆಕೆಟ್, ಮೇಲೆ ಬೀಳುತ್ತಿರುವ ಕತ್ತಿ. ಮೇಲಿನ ಮಾಡಿನಲ್ಲಿ ಶವಸಂಸ್ಕಾರ, ಪಕ್ಕದಲ್ಲಿ ಆತ್ಮವನ್ನು ಸ್ವರ್ಗಕ್ಕೆ ಒಯ್ಯುವ ದೇವದೂತರು.

ಚಿತ್ರವನ್ನು ಸುಮ್ನೆ ಅಲಂಕಾರಕ್ಕೆ ಬಿಡಿಸಿದ್ದಲ್ಲ ಎಂಬುದು ನನ್ನ ಅನಿಸಿಕೆ. ಒಂದು ಮೂಳೆಯ ಚೂರು ಯಾರದ್ದಾದರೂ ಆಗಿರಬಹುದು, ಅಲ್ವಾ? ಅದು ಯಾರದು, ಅವರು ಹೇಗೆ ಸತ್ತರು, ಈಗ ಎಲ್ಲಿದ್ದಾರೆ ಅಂತ ಹೇಳುವುದು ಪೆಟ್ಟಿಗೆಯೇ. ಹಬ್ಬದ ದಿನ ಅದನ್ನು ಬಲಿಪೀಠದ ಮೇಲೆ ಇಡುತ್ತಿದ್ದರು, ಮೆರವಣಿಗೆಯಲ್ಲಿ ಒಯ್ಯುತ್ತಿದ್ದರು. ಅವಶೇಷದ ಮೇಲೆ ಕೈಯಿಟ್ಟು ಆಣೆ ಮಾಡುವ ರೂಢಿಯೂ ಇತ್ತು. ಚರ್ಚಿನ ಬೋಧನೆಯ ಪ್ರಕಾರ ಆರಾಧನೆ ದೇವರಿಗೆ ಮಾತ್ರ, ಸಂತರಿಗೆ ಸಲ್ಲುವುದು ಗೌರವ. ತಮ್ಮ ಪರವಾಗಿ ದೇವರಲ್ಲಿ ಬೇಡಿಕೊಳ್ಳಿ ಎಂದು ಭಕ್ತರು ಸಂತರನ್ನು ಕೇಳಿಕೊಳ್ಳುತ್ತಿದ್ದರು.

ನಂಬಿಕೆ ಇದ್ದಲ್ಲಿ ವ್ಯಾಪಾರವೂ ಬಂತು. ಹಳೆಯ ಅವಶೇಷಗಳನ್ನು ಪೆಟ್ಟಿಗೆಯಿಂದ ಹೊರತೆಗೆದು ತೋರಿಸಬಾರದು, ಮಾರಾಟಕ್ಕೂ ಇಡಬಾರದು ಎಂದು 1215ರ ನಾಲ್ಕನೇ ಲ್ಯಾಟರನ್ ಧರ್ಮಸಭೆ ನಿಯಮ ಮಾಡಬೇಕಾಯಿತು.

ಕ್ಯಾಂಟರ್‌ಬರಿಯ ಬೆಕೆಟ್ ಗೋರಿಗೆ ಚಿನ್ನ, ರತ್ನಗಳನ್ನೇ ಹೊದಿಸಿದ್ದರು. 1538ರಲ್ಲಿ ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ ಅದನ್ನು ಒಡೆಸಿ ಎಲ್ಲವನ್ನೂ ಖಜಾನೆಗೆ ಸೇರಿಸಿಕೊಂಡ. ಲಿಮೋಜ್‌ನ ತಾಮ್ರವನ್ನು ಕರಗಿಸಿದರೆ ಅಷ್ಟೇನೂ ಗಿಟ್ಟುತ್ತಿರಲಿಲ್ಲ. ಬೆಕೆಟ್ ಕಥೆಯಿರುವ ಸುಮಾರು 50 ಪೆಟ್ಟಿಗೆಗಳು ಇವತ್ತಿಗೂ ಉಳಿದಿರುವುದಕ್ಕೆ ಅದೂ ಒಂದು ಕಾರಣ.